ಕುಸಿಯುವ ಮಣ್ಣು

ಕುಸಿಯುವ ಮಣ್ಣು ಎಂಬುದು ಒಣಗಿದ್ದಾಗ ಗಟ್ಟಿಯಾಗಿ ನಿಂತು ಸಾಕಷ್ಟು ಭಾರವನ್ನು ಹೊರಬಲ್ಲ, ಆದರೆ ನೀರು ತಗುಲಿದೊಡನೆ ಮೇಲಿನ ಭಾರ ಹೆಚ್ಚದಿದ್ದರೂ ತಟ್ಟನೆ ಕುಗ್ಗಿ ಕೆಳಗಿಳಿಯುವ ಮಣ್ಣಾಗಿದೆ. ಗಾಳಿ ತಂದು ಹಾಸಿದ ಲೋಯೆಸ್ ಎಂಬ ನುಣುಪು ಮಣ್ಣು ಇದಕ್ಕೆ ಪ್ರಸಿದ್ಧ ಉದಾಹರಣೆ. ಬಂಡೆ ಇದ್ದಲ್ಲಿಯೇ ಶಿಥಿಲಗೊಂಡು ಉಂಟಾದ ಕೆಂಪು ಉಳಿಕೆ ಮಣ್ಣು, ಬೆಟ್ಟದ ತಪ್ಪಲಿನಲ್ಲಿ ಹಳ್ಳಗಳು ತಂದು ಸುರಿದ ಸಡಿಲ ಮೆಕ್ಕಲು, ಸರಿಯಾಗಿ ಗಟ್ಟಿಸದೆ ಮನುಷ್ಯರೇ ತುಂಬಿದ ಮಣ್ಣು ಇವೂ ಇದೇ ಗುಣವನ್ನು ತೋರಬಲ್ಲವು. ಕರ್ನಾಟಕದಲ್ಲಿ ಲೋಯೆಸ್ ಪದರಗಳಿಲ್ಲವಾದ್ದರಿಂದ ಇಲ್ಲಿ ಮುಖ್ಯವಾದವು ಉಳಿಕೆ ಮಣ್ಣು ಮತ್ತು ತುಂಬು ಮಣ್ಣುಗಳೇ.

ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳು ಈ ವಿಷಯದ ಅಧ್ಯಯನಕ್ಕೆ ಒದಗುವ ಪ್ರದೇಶ. ನೀರು ಕಂಡರೆ ಕುಗ್ಗಬಹುದಾದ ಕೆಂಪು ಮಣ್ಣೂ ನೀರು ಕಂಡರೆ ಉಬ್ಬುವ ಎರೆಮಣ್ಣೂ ಇಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ದೊರೆಯುತ್ತವೆ. ತಲೆತಲಾಂತರದಿಂದ ಒಣನೆಲವಾಗಿದ್ದ ಈ ಭಾಗಕ್ಕೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಹೊರಗಿನಿಂದ ನೀರು ತರಲಾಗುತ್ತಿರುವುದರಿಂದ, ನೆನೆದಾಗ ನೆಲ ಹೇಗೆ ವರ್ತಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ಪುಸ್ತಕಕ್ಕೆ ಸೀಮಿತವಾದುದಲ್ಲ.

ಹೆಸರಿನ ವ್ಯಾಪ್ತಿ

ಕನ್ನಡದಲ್ಲಿ ‘ಕುಸಿತ’ ಎಂಬ ಒಂದೇ ಮಾತು ಹಲವು ಬೇರೆ ಬೇರೆ ವಿದ್ಯಮಾನಗಳಿಗೆ ಬಳಕೆಯಾಗುವುದರಿಂದ ಗೊಂದಲ ಉಂಟಾಗುವುದುಂಟು. ಮಲೆನಾಡಿನ ಇಳಿಜಾರುಗಳಲ್ಲಿ ಮಳೆಗಾಲದಲ್ಲಿ ಆಗುವ ಭೂಕುಸಿತದಲ್ಲಿ ಮಣ್ಣು ಜಾರಿ ಬೇರೆಡೆಗೆ ಹೋಗುತ್ತದೆ. ಒಡೆದ ಕೊಳವೆಯ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗಿ ರಸ್ತೆಯಲ್ಲಿ ಗುಂಡಿ ಬೀಳುವಾಗಲೂ ಮಣ್ಣು ಅಲ್ಲಿಂದ ಹೊರಟುಹೋಗಿರುತ್ತದೆ. ಕುಸಿಯುವ ಮಣ್ಣಿನ ವಿಷಯ ಹಾಗಲ್ಲ. ಇಲ್ಲಿ ಮಣ್ಣಿನ ಒಂದು ಕಣವೂ ಸ್ಥಳ ಬಿಟ್ಟು ಹೋಗಬೇಕಾಗಿಲ್ಲ. ಕಣಗಳ ನಡುವಿದ್ದ ಖಾಲಿ ಜಾಗ ಮಾತ್ರ ಕಡಿಮೆಯಾಗುತ್ತದೆ.

ಜೇಡಿಮಣ್ಣಿನ ಮೇಲೆ ಕಟ್ಟಿದ ಕಟ್ಟಡ ವರ್ಷಗಟ್ಟಲೆ ನಿಧಾನವಾಗಿ ಇಳಿಯುವ ಸಾಂದ್ರೀಕರಣವೂ ಇದಕ್ಕಿಂತ ಭಿನ್ನ. ಸಾಂದ್ರೀಕರಣದಲ್ಲಿ ಭಾರ ಹೆಚ್ಚಿ, ರಂಧ್ರಗಳಲ್ಲಿದ್ದ ನೀರು ಹೊರಹೋಗುತ್ತದೆ. ನೆನೆದು ಕುಸಿಯುವಾಗ ನೀರು ಒಳಬರುತ್ತದೆ, ಹೊರಹೋಗುವುದು ಗಾಳಿ. ಮೊದಲನೆಯದಕ್ಕೆ ತಿಂಗಳುಗಳು, ವರ್ಷಗಳು ಬೇಕು. ಎರಡನೆಯದು ನೀರು ಮುಟ್ಟಿದ ಜಾಗದಲ್ಲಿ ಬಹುಮಟ್ಟಿಗೆ ಆಗಲೇ ಮುಗಿದುಹೋಗುತ್ತದೆ.

ಕುಸಿತ ನಡೆಯುವ ಬಗೆ

ಮಣ್ಣು ಎಂದರೆ ಕಣಗಳು ಮಾತ್ರವಲ್ಲ, ಕಣಗಳ ನಡುವಿನ ರಂಧ್ರಗಳೂ ಸೇರಿದ ರಚನೆ. ಕುಸಿಯುವ ಮಣ್ಣಿನಲ್ಲಿ ಮರಳು ಮತ್ತು ನುಣುಪು ಮಣ್ಣಿನ ಕಣಗಳು ಒತ್ತೊತ್ತಾಗಿ ಕೂಡದೆ, ಪೇರಿಸಿಟ್ಟ ಸೌದೆಯಂತೆ ಅಲ್ಲಲ್ಲಿ ಮಾತ್ರ ಒಂದನ್ನೊಂದು ಮುಟ್ಟಿಕೊಂಡು ನಿಂತಿರುತ್ತವೆ. ಇಂತಹ ಸಡಿಲ ರಚನೆ ಭಾರದಡಿಯಲ್ಲಿ ಉಳಿಯಬೇಕಾದರೆ ಕಣಗಳು ಮುಟ್ಟುವ ಜಾಗದಲ್ಲಿ ಏನಾದರೂ ಅಂಟು ಇರಬೇಕು. ಆ ಅಂಟು ಮೂರು ಮೂಲಗಳಿಂದ ಬರಬಹುದು.

ಒಂದನೆಯದು ನೀರು. ಕಣಗಳು ಸಂಧಿಸುವೆಡೆಯಲ್ಲಿ ಉಳಿದಿರುವ ಅಲ್ಪ ನೀರು ಮೇಲ್ಮೈ ಸೆಳೆತದಿಂದ ಅವನ್ನು ಒಂದರ ಕಡೆಗೊಂದು ಎಳೆದು ಹಿಡಿಯುತ್ತದೆ. ಮಕ್ಕಳು ಹೊಳೆಯ ದಂಡೆಯಲ್ಲಿ ಪಾದದ ಮೇಲೆ ಹಸಿ ಮರಳು ಮೆತ್ತಿ ಗುಬ್ಬಚ್ಚಿ ಗೂಡು ಕಟ್ಟುವಾಗ ಗೂಡನ್ನು ನಿಲ್ಲಿಸುವುದು ಈ ಎಳೆತವೇ. ಪೂರಾ ಒಣ ಮರಳಿನಲ್ಲಿ ಗೂಡು ನಿಲ್ಲದು, ನೀರೊಳಗೂ ನಿಲ್ಲದು. ಮಣ್ಣುವಿಜ್ಞಾನದಲ್ಲಿ ಇದನ್ನು ಹೀರುಬಲ ಅಥವಾ ಸಕ್ಷನ್ ಎನ್ನುತ್ತಾರೆ. ರಂಧ್ರಗಳು ಕಿರಿದಾದಷ್ಟೂ, ಮಣ್ಣು ಒಣಗಿದಷ್ಟೂ ಹೀರುಬಲ ಹೆಚ್ಚು. ಎರಡನೆಯದು, ದೊಡ್ಡ ಕಣಗಳ ನಡುವೆ ಸೇತುವೆಯಂತೆ ಕುಳಿತ ಜೇಡಿಯ ಸಣ್ಣ ಗಂಟುಗಳು. ಒಣಗಿದಾಗ ಇವು ಗಾರೆಯಂತೆ ಗಟ್ಟಿಯಾಗಿರುತ್ತವೆ, ನೆಂದಾಗ ಮೆತ್ತಗಾಗುತ್ತವೆ. ಮೂರನೆಯದು, ಸುಣ್ಣಾಂಶ ಅಥವಾ ಕಬ್ಬಿಣದ ಆಕ್ಸೈಡುಗಳಂತಹ ರಾಸಾಯನಿಕ ಬಂಧಕಗಳು. ಕೆಂಪು ಮಣ್ಣಿಗೆ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡೇ ಅದರ ಕಣಗಳನ್ನು ಬೆಸೆಯುವ ಕೆಲಸವನ್ನೂ ಮಾಡುತ್ತದೆ. ಇದು ನೀರಿಗೆ ಸುಲಭವಾಗಿ ಕರಗುವುದಿಲ್ಲ. ಆದ್ದರಿಂದಲೇ ಕೆಂಪು ಮಣ್ಣೆಲ್ಲ ಕುಸಿಯುವ ಮಣ್ಣಲ್ಲ; ಬಂಧ ಎಷ್ಟರಮಟ್ಟಿಗೆ ನೀರನ್ನು ತಾಳಿಕೊಳ್ಳುತ್ತದೆ, ರಚನೆ ಎಷ್ಟು ಸಡಿಲವಾಗಿದೆ ಎಂಬುದರ ಮೇಲೆ ಅದು ನಿಂತಿದೆ.

ಮಣ್ಣು ನೆನೆದಾಗ ಮೊದಲ ಎರಡು ಅಂಟುಗಳು ಒಟ್ಟಿಗೇ ಸಡಿಲುತ್ತವೆ. ಕಣಗಳು ಒಂದರ ಮೇಲೊಂದು ಜಾರಿ ರಂಧ್ರಗಳೊಳಗೆ ಸೇರಿಕೊಳ್ಳುತ್ತವೆ. ಹೀಗೆ ಕುಸಿತಕ್ಕೆ ಮೂರು ಸಂಗತಿಗಳು ಕೂಡಿಬರಬೇಕು: ಸಡಿಲವಾದ, ನೀರು ತುಂಬಿರದ ರಚನೆ, ಆ ರಚನೆಯನ್ನು ಮುರಿಯುವಷ್ಟು ಭಾರ, ಅಂಟನ್ನು ಬಿಡಿಸುವಷ್ಟು ನೀರು. ಮೂರರಲ್ಲಿ ಒಂದು ಇಲ್ಲದಿದ್ದರೂ ಕುಸಿತವಿಲ್ಲ. ದಶಕಗಳ ಕಾಲ ಬಿರುಕಿಲ್ಲದೆ ನಿಂತ ಮನೆ ಒಂದು ಮಳೆಗಾಲದಲ್ಲಿ ಅಥವಾ ಹೊಸದಾಗಿ ನಲ್ಲಿ ಹಾಕಿಸಿದ ವರ್ಷದಲ್ಲಿ ಒಂದು ಮೂಲೆ ಇಳಿಯುವುದಕ್ಕೆ ಈ ಮೂರನೆಯ ಸಂಗತಿ ತಡವಾಗಿ ಬಂದು ಸೇರಿದ್ದು ಕಾರಣವಾಗಿರಬಹುದು.

ಭಾರ ಮತ್ತು ತೇವ

ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ರೂಪಿಸಿದ ಪರಿಣಾಮಿ ಒತ್ತಡದ ತತ್ತ್ವವು ಆಧುನಿಕ ಮಣ್ಣು ಯಂತ್ರಶಾಸ್ತ್ರದ ತಳಹದಿ. ಅದರಂತೆ ಕಣಗಳ ನಡುವೆ ಇರುವ ಒತ್ತಡ ಹೆಚ್ಚಿದರೆ ಮಣ್ಣು ಕುಗ್ಗಬೇಕು, ಕಡಿಮೆಯಾದರೆ ಹಿಗ್ಗಬೇಕು. ಒಣಮಣ್ಣು ನೆನೆದಾಗ ಹೀರುಬಲ ಇಳಿಯುವುದರಿಂದ ಕಣಗಳ ನಡುವಿನ ಒತ್ತಡ ಕಡಿಮೆಯಾಗುತ್ತದೆ. ಅಂದರೆ ಮಣ್ಣು ಹಿಗ್ಗಬೇಕಾಗಿತ್ತು. ಕುಸಿಯುವ ಮಣ್ಣು ಅದಕ್ಕೆ ತದ್ವಿರುದ್ಧವಾಗಿ ಕುಗ್ಗುತ್ತದೆ. ದಕ್ಷಿಣ ಆಫ್ರಿಕದಲ್ಲಿ ಇಂತಹ ಮಣ್ಣುಗಳನ್ನು ಅಭ್ಯಸಿಸಿದ ಜೆನ್ನಿಂಗ್ಸ್ ಮತ್ತು ಬರ್ಲಂಡ್ 1962ರಲ್ಲಿ ಈ ವಿರೋಧವನ್ನು ಎತ್ತಿ ತೋರಿಸಿ, ನೀರು ಪೂರಾ ತುಂಬಿರದ ಮಣ್ಣಿಗೆ ಟೆರ್ಜಾಗಿಯ ತತ್ತ್ವವೊಂದೇ ಸಾಲದು ಎಂದು ವಾದಿಸಿದರು. ನೀರು ಒತ್ತಡವನ್ನು ಕಡಿಮೆ ಮಾಡುವುದು ನಿಜ. ಆದರೆ ರಚನೆಯ ಬಲವನ್ನು ಅದಕ್ಕಿಂತಲೂ ಹೆಚ್ಚು ಕಡಿಮೆ ಮಾಡುತ್ತದೆ. 1990ರಲ್ಲಿ ಅಲೋನ್ಸೊ, ಜೆನ್ಸ್ ಮತ್ತು ಹೋಸಾ ಪ್ರಕಟಿಸಿದ, ಬಾರ್ಸಿಲೋನಾ ಮಾದರಿ ಎಂದು ಹೆಸರಾದ ಸಿದ್ಧಾಂತವು ಇದಕ್ಕೆ ಗಣಿತದ ರೂಪ ಕೊಟ್ಟಿತು. ಒಣಗಿದಷ್ಟೂ ಮಣ್ಣಿನ ತಾಳಿಕೆಯ ಮಿತಿ ಮೇಲೇರುತ್ತದೆ, ನೆನೆದಂತೆ ಕೆಳಗಿಳಿಯುತ್ತದೆ. ಇಳಿಯುವ ಮಿತಿ ಈಗಾಗಲೇ ಮೇಲಿರುವ ಭಾರವನ್ನು ದಾಟಿ ಕೆಳಗೆ ಹೋದಾಗ ಕುಸಿತ ಆಗುತ್ತದೆ ಎಂಬುದು ಅದರ ತಿರುಳು.

ಇದರಿಂದ ಹೊರಡುವ ಒಂದು ಫಲಿತಾಂಶ ಕಟ್ಟಡ ಕಟ್ಟುವವರಿಗೆ ಮುಖ್ಯವಾದುದು. ಒಂದೇ ಮಣ್ಣು, ಒಂದೇ ನೀರು. ಆದರೆ ಮೇಲಿನ ಭಾರ ಬೇರೆಯಾದರೆ ಫಲ ಬೇರೆಯಾಗುತ್ತದೆ. ಜೇಡಿಯಂಶವುಳ್ಳ ಮಣ್ಣನ್ನು ಒಣದಾಗಿ ಸಡಿಲವಾಗಿ ತುಂಬಿ ಅತಿ ಕಡಿಮೆ ಭಾರದಡಿಯಲ್ಲಿ ನೆನೆಸಿದರೆ ಅದು ಉಬ್ಬಬಹುದು. ಅದೇ ಮಣ್ಣನ್ನು ಹೆಚ್ಚು ಭಾರದಡಿಯಲ್ಲಿ ನೆನೆಸಿದರೆ ಕುಸಿಯುತ್ತದೆ. ನಡುವೆ ಒಂದು ಭಾರದಲ್ಲಿ ಅದು ಉಬ್ಬುವುದೂ ಇಲ್ಲ, ಕುಸಿಯುವುದೂ ಇಲ್ಲ. ಎರೆಮಣ್ಣಿಗೂ ಈ ಮಾತು ಅನ್ವಯಿಸುತ್ತದೆ. ‘ಎರೆ ಉಬ್ಬುವ ಮಣ್ಣು, ಆದ್ದರಿಂದ ಅದು ಕುಸಿಯಲಾರದು’ ಎಂದು ತಿಳಿಯುವುದು ತಪ್ಪು. ಎತ್ತರವಾದ ಏರಿಯೊಂದನ್ನು ಒಣ ಎರೆಹೆಂಟೆಗಳಿಂದ ಕಟ್ಟಿದರೆ ಮೇಲ್ಮೈ ಉಬ್ಬಿ ತಳಭಾಗ ಕುಗ್ಗುವುದು ಸಾಧ್ಯ.

ಕಡೂರು, ತರೀಕೆರೆ, ಅಜ್ಜಂಪುರದ ನೆಲ

ಈ ಮೂರು ತಾಲ್ಲೂಕುಗಳು ಬಾಬಾಬುಡನ್‌ಗಿರಿ ಶ್ರೇಣಿಯ ಪೂರ್ವ ಮತ್ತು ಈಶಾನ್ಯಕ್ಕಿವೆ. ಗಿರಿಗಳ ಪಶ್ಚಿಮಕ್ಕೆ ಧಾರಾಕಾರ ಮಳೆಯಾದರೆ ಪೂರ್ವಕ್ಕೆ ಮಳೆನೆರಳು. ತರೀಕೆರೆಯ ಪಶ್ಚಿಮ ಭಾಗ ಲಕ್ಕವಳ್ಳಿಯ ಭದ್ರಾ ಜಲಾಶಯದ ಕಡೆಗೆ ಮಲೆನಾಡನ್ನು ಮುಟ್ಟುತ್ತದೆ. ಪೂರ್ವಕ್ಕೆ ಬಂದಂತೆ ಬಯಲುಸೀಮೆಯಾಗಿ, ಕಡೂರಿನ ಹೊತ್ತಿಗೆ ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸಿಗೆ ಇಳಿಯುತ್ತದೆ. ಮೊದಲು ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರ ಈಗ ಪ್ರತ್ಯೇಕ ತಾಲ್ಲೂಕು. ವರ್ಷದ ಬಹುಭಾಗ ಮಣ್ಣಿನ ಮೇಲಿನ ಪದರಗಳು ಒಣಗಿಯೇ ಇರುತ್ತವೆ ಎಂಬುದು ಇಲ್ಲಿನ ಮುಖ್ಯ ಸಂಗತಿ. ಒಣಗಿದ ಮಣ್ಣಿನ ಗಟ್ಟಿತನ ಸಾಲ ತಂದ ಗಟ್ಟಿತನದಂತೆ. ನೀರು ಬಂದಾಗ ಅದನ್ನು ಹಿಂದಿರುಗಿಸಬೇಕಾಗುತ್ತದೆ.

ಕಡೂರಿನ ಬಹುಪಾಲು ನೆಲದಡಿಯಲ್ಲಿ ಗ್ರಾನೈಟ್ ಜಾತಿಯ ನೈಸ್ ಬಂಡೆ ಇದೆ. ಅದು ಶಿಥಿಲಗೊಂಡು ಮರಳು ಬೆರೆತ ಕೆಂಪು ಮಣ್ಣು ಉಂಟಾಗಿದೆ. ಆಳಕ್ಕೆ ಹೋದಂತೆ ಗರಸು, ಅದರಡಿ ಮೆತ್ತಗಾದ ಬಂಡೆ, ಆಮೇಲೆ ಗಟ್ಟಿಬಂಡೆ ಸಿಗುತ್ತದೆ. ಬಾವಿ ತೋಡಿದವರೆಲ್ಲ ಕಂಡಿರುವ ಅನುಕ್ರಮವಿದು. ಇದೇ ಬಗೆಯ ನೈಸ್‌ನಿಂದ ಹುಟ್ಟಿದ ಬೆಂಗಳೂರಿನ ಕೆಂಪು ಉಳಿಕೆ ಮಣ್ಣಿನ ಕುಸಿತವನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಧಾಕರ ರಾವ್ ಮತ್ತು ರೇವಣಸಿದ್ದಪ್ಪ 2000ದ ಆಸುಪಾಸಿನಲ್ಲಿ ವಿವರವಾಗಿ ಅಭ್ಯಸಿಸಿದ್ದಾರೆ. ಹೀರುಬಲ, ಕಣಬಂಧ ಮತ್ತು ಗಟ್ಟಿಸಿದ ಸಾಂದ್ರತೆಗಳು ಕುಸಿತದ ಪ್ರಮಾಣವನ್ನು ಹೇಗೆ ನಿರ್ಧರಿಸುತ್ತವೆ ಎಂಬುದು ಅವರ ಅಧ್ಯಯನಗಳ ವಿಷಯ. ಮೂಲ ಬಂಡೆ ಒಂದೇ ಬಗೆಯದಾದ ಮಾತ್ರಕ್ಕೆ ಬೆಂಗಳೂರಿನ ಅಂಕಿಗಳನ್ನು ಕಡೂರಿಗೆ ಅನ್ವಯಿಸಲಾಗದು. ಆದರೆ ಏನನ್ನು ಪರೀಕ್ಷಿಸಬೇಕು ಎಂಬುದನ್ನು ಅವು ತಿಳಿಸುತ್ತವೆ.

ಅಜ್ಜಂಪುರದ ಸುತ್ತಿನ ಚಿತ್ರ ಬೇರೆ. ಈ ಭಾಗ ಎರೆಭೂಮಿಗೂ, ಅದರಲ್ಲಿ ಬೆಳೆಯುವ ಈರುಳ್ಳಿಗೂ, ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೂ ಹೆಸರಾಗಿದೆ. ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿರುತ್ತದೆ. ಅದರ ಹಾಳೆಗಳ ನಡುವೆ ನೀರು ನುಗ್ಗಿ ಅವನ್ನು ದೂರ ತಳ್ಳುವುದರಿಂದ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ಅದೇ ನೀರು ಆರಿ, ಕೈ ತೂರುವಷ್ಟು ಅಗಲದ ಬಿರುಕುಗಳು ಬೀಳುತ್ತವೆ. ಹೀಗಾಗಿ ಕಡೂರಿನ ಕೆಂಪು ನೆಲದಲ್ಲಿ ಗೋಡೆಯ ಮೂಲೆ ಕೆಳಗೆ ಇಳಿಯುವ ಭಯವಿದ್ದರೆ, ಅಜ್ಜಂಪುರದ ಎರೆಯಲ್ಲಿ ಹಗುರವಾದ ಮನೆಯ ನೆಲವೂ ಗೋಡೆಯೂ ಮೇಲೆದ್ದು ಕೂರುವ ಭಯ. ಎರಡರಲ್ಲೂ ಬಿರುಕು ಕಾಣುವುದು ಗೋಡೆಯ ಮೇಲೆಯೇ ಆದ್ದರಿಂದ ಕಾರಣ ಗುರುತಿಸದೆ ದುರಸ್ತಿ ಮಾಡಿದರೆ ಹಣ ವ್ಯರ್ಥವಾಗುತ್ತದೆ. ಇಳಿದ ಮೂಲೆಯ ಬಿರುಕು ಸಾಮಾನ್ಯವಾಗಿ ನೀರು ತಗುಲಿದ ಘಟನೆಯೊಂದರ ನಂತರ ಒಮ್ಮೆಲೇ ಬಿದ್ದು, ಆಮೇಲೆ ಹೆಚ್ಚು ಬದಲಾಗದು. ಎರೆಯ ಮೇಲಿನ ಬಿರುಕು ಮಳೆಗಾಲದಲ್ಲಿ ಒಂದು ರೀತಿ, ಬೇಸಿಗೆಯಲ್ಲಿ ಇನ್ನೊಂದು ರೀತಿ ಇದ್ದು, ವರ್ಷ ವರ್ಷವೂ ಮುಚ್ಚಿ ತೆರೆಯುತ್ತದೆ. ಒಂದು ವರ್ಷದ ಕಾಲ ಬಿರುಕಿನ ಮೇಲೆ ಪೆನ್ಸಿಲ್ ಗುರುತು ಹಾಕಿ ಅಳೆದರೆ ಅನೇಕ ವೇಳೆ ವ್ಯತ್ಯಾಸ ತಿಳಿಯುತ್ತದೆ.

ತುಂಬು ಮಣ್ಣು ಮತ್ತು ಕೆರೆ ಏರಿ

ಪ್ರಕೃತಿ ಹಾಸಿದ ಮಣ್ಣಿಗಿಂತ ಮನುಷ್ಯರು ತುಂಬಿದ ಮಣ್ಣಿನಲ್ಲಿ ಕುಸಿತದ ಸಂಭವ ಹೆಚ್ಚು. ರಾಲ್ಫ್ ಪ್ರಾಕ್ಟರ್ 1933ರಲ್ಲಿ ತೋರಿಸಿದಂತೆ, ನಿರ್ದಿಷ್ಟ ಶ್ರಮದಿಂದ ಗಟ್ಟಿಸಿದಾಗ ಪ್ರತಿ ಮಣ್ಣೂ ಒಂದು ತೇವಾಂಶದಲ್ಲಿ ಮಾತ್ರ ಗರಿಷ್ಠ ಸಾಂದ್ರತೆಗೆ ಬರುತ್ತದೆ. ಅದಕ್ಕಿಂತ ಒಣದಾಗಿ ತುಂಬಿದ ಮಣ್ಣು ಗಂಟುಗಂಟಾಗಿ ಉಳಿದು, ರೋಲರ್ ಓಡಿದ ಮೇಲೆ ನೋಡಲು ಕಲ್ಲಿನಂತಿದ್ದರೂ ಗಂಟುಗಳ ನಡುವೆ ಖಾಲಿ ಜಾಗ ಬಿಟ್ಟಿರುತ್ತದೆ. ಬೇಸಿಗೆಯಲ್ಲಿ ನೀರಿನ ಅಭಾವದ ನಡುವೆ, ಮಳೆಗಾಲಕ್ಕೆ ಮುನ್ನ ಮುಗಿಸುವ ಆತುರದಲ್ಲಿ ಬಯಲುಸೀಮೆಯ ಮಣ್ಣುಕೆಲಸ ನಡೆಯುವುದರಿಂದ ಒಣಮಣ್ಣನ್ನು ಹಾಗೆಯೇ ಸುರಿಯುವ ಒತ್ತಾಯ ಯಾವಾಗಲೂ ಇರುತ್ತದೆ. ಸೇತುವೆಯ ಎರಡು ತುದಿಗಳಲ್ಲಿ ರಸ್ತೆ ತಗ್ಗಾಗಿ ವಾಹನ ಎತ್ತಿಹಾಕುವುದಕ್ಕೆ, ಕೊಳವೆ ಹೂತ ಕಾಲುವೆ ಮೊದಲ ಮಳೆಗೆ ಉದ್ದಕ್ಕೂ ತಗ್ಗುಬೀಳುವುದಕ್ಕೆ ಇದು ಬಹು ಸಾಮಾನ್ಯವಾದ ಕಾರಣ.

ಮನೆ ಕಟ್ಟುವ ಗಾರೆಯವರು ತಳಪಾಯದೊಳಗೆ ತುಂಬಿದ ಮಣ್ಣಿಗೆ ದಿನಗಟ್ಟಲೆ ನೀರು ನಿಲ್ಲಿಸಿ, ಇಳಿದ ಮೇಲೆ ಮತ್ತೆ ಮಣ್ಣು ಹಾಕಿ ದಮ್ಮಸ್ಸು ಮಾಡುವ ರೂಢಿ ವಾಸ್ತವವಾಗಿ ಕುಸಿತವನ್ನು ಮುಂಚಿತವಾಗಿಯೇ ಮುಗಿಸಿಬಿಡುವ ವಿಧಾನ. ಈ ರೂಢಿಯಲ್ಲಿ ನೀರಿನಷ್ಟೇ ಬಡಿತವೂ ಮುಖ್ಯ. ಭಾರವಿಲ್ಲದೆ ನೆನೆದ ಮಣ್ಣು ತನ್ನ ಸ್ವಂತ ತೂಕಕ್ಕೆ ಇಳಿಯುವಷ್ಟೇ ಇಳಿಯುತ್ತದೆ. ಗೋಡೆಯ ಭಾರ ಬಂದ ಮೇಲೆ ಉಳಿದದ್ದು ಇಳಿಯುತ್ತದೆ.

ಕಡೂರು ತಾಲ್ಲೂಕಿನಲ್ಲಿ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಮತ್ತು ಜನಪದದಲ್ಲಿ ಹೆಸರಾದ ಮದಗದಕೆರೆಗಳಂತಹ ಹಳೆಯ ದೊಡ್ಡ ಕೆರೆಗಳಿವೆ. ಗಿರಿಯಿಂದ ಇಳಿದು ಬರುವ ನೀರನ್ನು ಹಿಡಿದಿಡುವ ಇವುಗಳ ಕೆಳಗೆ ನೂರಾರು ಸಣ್ಣ ಕೆರೆಗಳು. ಎತ್ತು, ಎಮ್ಮೆ, ಜನರ ಕಾಲ್ತುಳಿತದಿಂದ ಪದರ ಪದರವಾಗಿ ಗಟ್ಟಿಯಾಗಿ, ತಲೆಮಾರುಗಳ ಕಾಲ ತುಂಬಿ ಬರಿದಾಗಿ ಕುಳಿತ ಹಳೆಯ ಏರಿಯಲ್ಲಿ ಕುಸಿಯಬೇಕಾದದ್ದು ಎಂದೋ ಕುಸಿದು ಮುಗಿದಿರುತ್ತದೆ. ಅಪಾಯವಿರುವುದು ಅದಕ್ಕೆ ಹೊಸದಾಗಿ ಸೇರಿಸಿದ ಭಾಗದಲ್ಲಿ: ಏರಿಸಿದ ತಲೆಯಲ್ಲಿ, ಜೆಸಿಬಿಯಿಂದ ಒಣಮಣ್ಣು ಸುರಿದು ಮುಚ್ಚಿದ ಕೊರಕಲಿನಲ್ಲಿ, ದುರಸ್ತಿಯಾದ ತೂಬಿನ ಸುತ್ತ ತುರುಕಿದ ಮಣ್ಣಿನಲ್ಲಿ. ಹಲವು ವರ್ಷ ಬರಿದಾಗಿದ್ದ ಕೆರೆ ಒಮ್ಮೆಗೇ ತುಂಬಿದಾಗ ಈ ಹೊಸ ಮಣ್ಣು ಕುಗ್ಗಿ, ಗಟ್ಟಿಯಾಗಿ ನಿಂತ ಹಳೆ ಮಣ್ಣಿನಿಂದ ಬೇರ್ಪಟ್ಟು ಬಿರುಕು ಬಿಡಬಹುದು. ಕುಸಿತ ತಾನಾಗಿಯೇ ಏರಿಯನ್ನು ಒಡೆಯದು. ಬಿರುಕಿನೊಳಗೆ ಹರಿಯುವ ನೀರು ಮಣ್ಣನ್ನು ಕೊರೆದು ಒಡೆಯುತ್ತದೆ. ಆದ್ದರಿಂದ ತೂಬಿನ ಹೊರಬದಿಯಲ್ಲಿ ತೇವವಾಗಲಿ ಕೆಂಪು ಬಣ್ಣದ ಕಲಕು ನೀರಾಗಲಿ ಕಂಡರೆ ಕೆರೆಯ ಮಟ್ಟ ಇಳಿಸುವುದು ಮೊದಲ ಕೆಲಸ. ತಿಳಿನೀರಿನ ಸೋರಿಕೆಗಿಂತ ಕಲಕು ನೀರಿನ ಸೋರಿಕೆ ಹೆಚ್ಚು ಅಪಾಯಕಾರಿ.

ಪರೀಕ್ಷೆಗಳು

ಕುಸಿತವನ್ನು ಅಳೆಯುವ ಪ್ರಮಾಣಿತ ಸಾಧನ ಈಡೋಮೀಟರ್. ನೆಲದಿಂದ ಕೆಡಿಸದೆ ತೆಗೆದ ಮಣ್ಣಿನ ಬಿಲ್ಲೆಯನ್ನು ಲೋಹದ ಉಂಗುರದಲ್ಲಿ ಕೂರಿಸಿ, ಸಹಜ ತೇವಾಂಶದಲ್ಲಿಯೇ ಹಂತಹಂತವಾಗಿ ಭಾರ ಹೇರುತ್ತಾರೆ. ಭಾರ 200 ಕಿಲೋಪಾಸ್ಕಲ್ ತಲುಪಿದಾಗ ನೀರು ಹಾಯಿಸಿ, ಬಿಲ್ಲೆ ಎಷ್ಟು ಇಳಿಯಿತೆಂದು ನೋಡುತ್ತಾರೆ. ಮೂಲ ದಪ್ಪದ ಶೇಕಡಾವಾರಾಗಿ ಈ ಇಳಿತವೇ ಕುಸಿತ ಸಾಮರ್ಥ್ಯ. 20 ಮಿಲಿಮೀಟರ್ ದಪ್ಪದ ಬಿಲ್ಲೆ 1 ಮಿಲಿಮೀಟರ್ ಇಳಿದರೆ ಕುಸಿತ ಸಾಮರ್ಥ್ಯ ಶೇ. 5. ಜೆನ್ನಿಂಗ್ಸ್ ಮತ್ತು ನೈಟ್ 1975ರಲ್ಲಿ ನೀಡಿದ ವರ್ಗೀಕರಣದಲ್ಲಿ ಶೇ. 1ರವರೆಗೆ ತೊಂದರೆಯಿಲ್ಲ; 1ರಿಂದ 5ರವರೆಗೆ ಮಧ್ಯಮ ತೊಂದರೆ; 5ರಿಂದ 10 ತೊಂದರೆ; 10ರಿಂದ 20 ತೀವ್ರ; 20ನ್ನು ಮೀರಿದರೆ ಅತಿತೀವ್ರ.

ಬಿಲ್ಲೆಯ ಒಂದು ಮಿಲಿಮೀಟರ್ ಅಲ್ಪವೆಂದು ತೋರಬಹುದು. ಅದೇ ಮಣ್ಣು ತಳಪಾಯದಡಿ 2 ಮೀಟರ್ ಆಳದವರೆಗೆ ಅದೇ ಒತ್ತಡದಲ್ಲಿ ನೆಂದರೆ ಇಳಿತ 100 ಮಿಲಿಮೀಟರ್, ಅಂದರೆ ಒಂದು ಗೇಣಿನ ಅರ್ಧ. ಮನೆಯ ಸುತ್ತಲೂ ಸಮನಾಗಿ ಇಳಿದರೆ ಹಾನಿ ಕಡಿಮೆ. ಬಚ್ಚಲ ನೀರು ಬೀಳುವ ಒಂದೇ ಮೂಲೆ ಇಳಿದರೆ ಗೋಡೆ ಸೀಳುತ್ತದೆ. 200 ಕಿಲೋಪಾಸ್ಕಲ್ ಎಂಬುದು ಹೋಲಿಕೆಗಾಗಿ ಆರಿಸಿಕೊಂಡ ಒತ್ತಡವೇ ಹೊರತು ಎಲ್ಲ ಕಟ್ಟಡಗಳ ಒತ್ತಡವಲ್ಲ ಎಂಬುದನ್ನೂ ಗಮನಿಸಬೇಕು. ನಿಜವಾದ ಭಾರಕ್ಕೆ ತಕ್ಕ ಇಳಿತ ಬೇಕಾದಾಗ ಜೋಡಿ ಈಡೋಮೀಟರ್ ವಿಧಾನವನ್ನು ಬಳಸುತ್ತಾರೆ: ಒಂದೇ ಬಗೆಯ ಎರಡು ಬಿಲ್ಲೆಗಳಲ್ಲಿ ಒಂದನ್ನು ಒಣದಾಗಿ, ಇನ್ನೊಂದನ್ನು ಮೊದಲೇ ನೆನೆಸಿ ಭಾರ ಹೇರಿದರೆ, ಯಾವುದೇ ಭಾರದಲ್ಲಿ ಅವೆರಡರ ನಡುವಿನ ಅಂತರವೇ ಆ ಭಾರದಲ್ಲಾಗುವ ಕುಸಿತ.

ಸಾಂದ್ರತೆಯಿಂದಲೂ ಸ್ಥೂಲವಾಗಿ ಅಂದಾಜು ಮಾಡಬಹುದು. ಮಣ್ಣು ದ್ರವದಂತೆ ಹರಿಯತೊಡಗುವ ತೇವಾಂಶವನ್ನು ದ್ರವಮಿತಿ ಎನ್ನುತ್ತಾರೆ. ಅಷ್ಟು ನೀರು ಹಿಡಿಯುವುದಕ್ಕಿಂತ ಹೆಚ್ಚಿನ ಖಾಲಿ ಜಾಗ ರಂಧ್ರಗಳಲ್ಲಿದ್ದರೆ, ನೆನೆದಾಗ ಮಣ್ಣು ಕೆಸರಾಗಿ ಕುಸಿಯುವ ಸಂಭವವಿದೆ. ಕಣಗಳ ಸಾಪೇಕ್ಷ ಸಾಂದ್ರತೆ 2.65, ದ್ರವಮಿತಿ ಶೇ. 30 ಇರುವ ಮಣ್ಣಿಗೆ ಈ ಗಡಿ ಘನ ಸೆಂಟಿಮೀಟರಿಗೆ ಸುಮಾರು 1.48 ಗ್ರಾಂ ಒಣ ಸಾಂದ್ರತೆ. ಅದಕ್ಕಿಂತ ಹಗುರವಾದ ಮಣ್ಣನ್ನು ಸಂಶಯದಿಂದ ನೋಡಬೇಕು.

ಗುಂಡಿ ತೋಡಿ ಅದೇ ಮಣ್ಣನ್ನು ಮತ್ತೆ ತುಂಬಿ ನೋಡುವುದು ಎಲ್ಲಕ್ಕಿಂತ ಹಳೆಯ ಪರೀಕ್ಷೆ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ವಾಸ್ತು ಅಧ್ಯಾಯದಲ್ಲಿಯೇ ಇದರ ಉಲ್ಲೇಖವಿದೆ: ಮಣ್ಣು ಮಿಕ್ಕರೆ ನಿವೇಶನ ಉತ್ತಮ, ಸಮನಾದರೆ ಮಧ್ಯಮ, ಗುಂಡಿ ತುಂಬದೆ ಉಳಿದರೆ ಅಧಮ. ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಬಂದು ನೀರು ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆಯೂ ಅಲ್ಲಿದೆ. ಮೊದಲನೆಯದು ಸಡಿಲ ರಚನೆಯನ್ನೂ ಎರಡನೆಯದು ನೀರಿನ ಇಂಗುವಿಕೆಯನ್ನೂ ಹೇಳುತ್ತದೆ. ಅಗೆದಾಗ ಮಣ್ಣು ಹರಡಿಕೊಂಡು ಹೆಚ್ಚಾಗುವುದು ಸಹಜ; ಹಾಗಿದ್ದೂ ಗುಂಡಿ ತುಂಬಲಿಲ್ಲವೆಂದರೆ ಆ ಮಣ್ಣು ಮೊದಲು ತೀರ ಸಡಿಲವಾಗಿತ್ತೆಂದೇ ಅರ್ಥ. ಇಂದಿನ ಎಂಜಿನಿಯರಿಂಗ್ ಪುಸ್ತಕಗಳೂ ಸ್ಥಳದಲ್ಲಿಯೇ ಮಾಡುವ ಮೊದಲ ಪರೀಕ್ಷೆಯಾಗಿ ಇದನ್ನು ಹೇಳುತ್ತವೆ.

ಎರೆಮಣ್ಣಿಗೆ ರೂಢಿಯಲ್ಲಿರುವ ಮುಕ್ತ ಉಬ್ಬುವಿಕೆ ಸೂಚ್ಯಂಕದ ಪರೀಕ್ಷೆಯಲ್ಲಿ, ಜರಡಿ ಹಿಡಿದ 10 ಗ್ರಾಂ ಒಣಮಣ್ಣನ್ನು ಒಂದು ಅಳತೆ ಕೊಳವೆಯ ನೀರಿನಲ್ಲೂ ಅಷ್ಟೇ ಮಣ್ಣನ್ನು ಇನ್ನೊಂದು ಕೊಳವೆಯ ಸೀಮೆಎಣ್ಣೆಯಲ್ಲೂ ಹಾಕಿ 24 ಗಂಟೆಯ ನಂತರ ಗಾತ್ರಗಳನ್ನು ಹೋಲಿಸುತ್ತಾರೆ. ಕುಸಿತವನ್ನು ಕಂಡುಹಿಡಿಯಲು ಇದರಿಂದ ಉಪಯೋಗವಿಲ್ಲ. ಕುಸಿತ ಇರುವುದು ಮಣ್ಣಿನ ರಚನೆಯಲ್ಲಿ. ಪುಡಿ ಮಾಡಿ ಜರಡಿ ಹಿಡಿದೊಡನೆ ಆ ರಚನೆ ನಾಶವಾಗುತ್ತದೆ. ಚೀಲದಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದ ಮಣ್ಣಿನಿಂದ ನೈಸರ್ಗಿಕ ನೆಲದ ಕುಸಿತ ಸಾಮರ್ಥ್ಯ ತಿಳಿಯದು. ಗುಂಡಿಯ ಪಕ್ಕದಿಂದ ಅಚ್ಚಿನಂತೆ ಕತ್ತರಿಸಿ, ಮೇಣ ಬಳಿದು ತೇವ ಆರದಂತೆ ತಂದ ಗಟ್ಟಿ ಬೇಕು.

ಪರಿಹಾರಗಳು

ಕುಸಿಯುವ ಪದರ ತೆಳುವಾಗಿದ್ದರೆ ಅದನ್ನು ಅಗೆದು, ಅದೇ ಮಣ್ಣನ್ನು ತಕ್ಕ ತೇವಾಂಶಕ್ಕೆ ತಂದು, ತೆಳು ಪದರಗಳಲ್ಲಿ ಹಾಕಿ ಗಟ್ಟಿಸುವುದು ಎಲ್ಲಕ್ಕಿಂತ ಸರಳ. ಗರಸು ಸಿಗುವ ಆಳ ಕಡಿಮೆಯಿರುವೆಡೆ ತಳಪಾಯವನ್ನು ಅಲ್ಲಿಯವರೆಗೆ ಇಳಿಸುವುದೇ ಲೇಸು. ದಪ್ಪ ಪದರಗಳಿಗೆ ಎತ್ತರದಿಂದ ಭಾರ ಬೀಳಿಸಿ ಗಟ್ಟಿಸುವುದು, ಮೊದಲೇ ನೆನೆಸುವುದು, ಸುಣ್ಣ ಅಥವಾ ಸಿಮೆಂಟ್ ಬೆರೆಸುವುದು ಮುಂತಾದ ವಿಧಾನಗಳಿವೆ. ಈಗಾಗಲೇ ಕಟ್ಟಿದ ಮನೆಗೆ ಉಳಿಯುವ ದಾರಿ ಮುಖ್ಯವಾಗಿ ಒಂದೇ: ನೀರನ್ನು ತಳಪಾಯದಿಂದ ದೂರವಿಡುವುದು. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ, ಸುತ್ತಲಿನ ನೆಲ ಹೊರಕ್ಕೆ ಇಳಿಜಾರಾಗಿರುವಂತೆ, ಇಂಗುಗುಂಡಿಯೂ ಶೌಚದ ಗುಂಡಿಯೂ ಗೋಡೆಗೆ ಹತ್ತಿರವಿರದಂತೆ ನೋಡಿಕೊಳ್ಳಬೇಕು. ಮಳೆನೀರು ಇಂಗಿಸುವುದು ಒಳ್ಳೆಯ ಕೆಲಸವೇ. ತಳಪಾಯದ ಪಕ್ಕದಲ್ಲಿ ಇಂಗಿಸುವುದು ಮಾತ್ರ ಸಲ್ಲದು.

ಎರೆನೆಲದ ಪರಿಹಾರಗಳು ಬೇರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ, ತುದಿಯಲ್ಲಿ ಗಡ್ಡೆಯಂತೆ ಅಗಲವಾದ ಕಂಬಗಳನ್ನು, ಋತುಮಾನದ ತೇವ ಬದಲಾಗದ ಆಳಕ್ಕೆ, ಸಾಮಾನ್ಯವಾಗಿ 3.5 ಮೀಟರ್ ಸುಮಾರಿಗೆ ಇಳಿಸುತ್ತಾರೆ. ಆರ್.ಕೆ. ಕಟ್ಟಿಯವರು ರೂಪಿಸಿದ ವಿಧಾನದಲ್ಲಿ ಎರೆಯ ಮೇಲೆ, ಅಂಟಿದ್ದರೂ ಉಬ್ಬದ ಮಣ್ಣಿನ ಪದರವನ್ನು ಹಾಸಿ ಗಟ್ಟಿಸಲಾಗುತ್ತದೆ. ಮಲಪ್ರಭಾ ಕಾಲುವೆಗಳಲ್ಲಿ ಇದನ್ನು ಬಳಸಲಾಯಿತು. ಎರೆನೆಲದ ಕಾಲುವೆಗಳ ಒಳಹಾಸಿಗೆ ಕುರಿತ ಭಾರತೀಯ ಮಾನಕದಲ್ಲಿಯೂ ಇದು ಸೇರಿದೆ. ಹಾಸುವ ಈ ಪದರಕ್ಕೆ ಸಾಮಾನ್ಯವಾಗಿ ಕೆಂಪು ಗರಸು ಮಣ್ಣೇ ಒದಗುತ್ತದೆ. ಅದನ್ನು ಒಣದಾಗಿ ಸುರಿದರೆ ಉಬ್ಬುವ ತೊಂದರೆ ನೀಗಿ ಕುಸಿಯುವ ತೊಂದರೆ ಬಂದೀತು.

ಒಣನೆಲಕ್ಕೆ ಬರುವ ಕಾಲುವೆ

ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗಾ ನದಿಯಿಂದ 17.40 ಟಿಎಂಸಿ ನೀರನ್ನು ಭದ್ರಾ ಜಲಾಶಯಕ್ಕೂ, ಅಲ್ಲಿಂದ 29.90 ಟಿಎಂಸಿ ನೀರನ್ನು ಅಜ್ಜಂಪುರದ ಬಳಿಯ ಸುರಂಗಕ್ಕೂ ಎತ್ತುವ ಉದ್ದೇಶವಿದೆ. ವಿಶ್ವೇಶ್ವರಯ್ಯ ಜಲ ನಿಗಮದ ಈ ಯೋಜನೆಯಲ್ಲಿ ತರೀಕೆರೆ ಭಾಗದ ಶಾಂತಿಪುರ ಮತ್ತು ಬೆಟ್ಟದತಾವರೆಕೆರೆಗಳಲ್ಲಿ ಪಂಪ್‌ಹೌಸ್‌ಗಳಿವೆ. ಸುಮಾರು ಏಳು ಕಿಲೋಮೀಟರ್ ಉದ್ದದ ಸುರಂಗವನ್ನು ದಾಟಿದ ನೀರು ಮುಂದೆ ಚಿತ್ರದುರ್ಗ ಮತ್ತು ತುಮಕೂರು ಶಾಖಾ ಕಾಲುವೆಗಳಿಗೆ ಹರಿಯುತ್ತದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ಮತ್ತು ತುಂತುರು ನೀರಾವರಿ, ಜೊತೆಗೆ 367 ಕೆರೆಗಳನ್ನು ತುಂಬಿಸುವುದು ಯೋಜನೆಯ ಗುರಿ.

ಒಣನೆಲದಲ್ಲಿ ಹಾಯುವ ಕಾಲುವೆಯು ಕುಸಿಯುವ ಮಣ್ಣಿಗೆ ಕಠಿಣ ಪರೀಕ್ಷೆ ಎಂಬುದು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅನುಭವಕ್ಕೆ ಬಂದ ವಿಷಯ. ಅಲ್ಲಿನ ಸಾನ್ ಹ್ವಾಕಿನ್ ಕಣಿವೆಯ ಪಶ್ಚಿಮ ಅಂಚಿನ ಸಡಿಲ ಮೆಕ್ಕಲು ನೆಲ ನೀರಾವರಿ ಆರಂಭವಾದ ಮೇಲೆ ಮೀಟರುಗಟ್ಟಲೆ ಇಳಿದದ್ದರಿಂದ, 1960ರ ದಶಕದಲ್ಲಿ ದೊಡ್ಡ ಕಾಲುವೆಯನ್ನು ಕಟ್ಟುವ ಮುನ್ನ ಅದರ ಹಾದಿಯುದ್ದಕ್ಕೂ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿ ನೆಲವನ್ನು ಮೊದಲೇ ಇಳಿಸಲಾಯಿತು. ನೀರು ದುರ್ಲಭವಾದ ಕಡೂರು, ಅಜ್ಜಂಪುರಗಳಲ್ಲಿ ಅಂತಹ ವಿಧಾನ ಸುಲಭವಲ್ಲ. ಅಗತ್ಯವೂ ಎಲ್ಲೆಡೆ ಇರದು: ಇಲ್ಲಿನ ಉಳಿಕೆ ಮಣ್ಣಿನ ಪದರ ಕ್ಯಾಲಿಫೋರ್ನಿಯದ ಮೆಕ್ಕಲಿನಷ್ಟು ದಪ್ಪವಿಲ್ಲ, ಅಡಿಯಲ್ಲಿ ಬಂಡೆ ಇದೆ. ಕಾಲುವೆ ಕೆಂಪು ನೆಲದಿಂದ ಎರೆಗೆ, ಕಡಿತದಿಂದ ತುಂಬುವಿಕೆಗೆ ದಾಟುವ ಜಾಗಗಳೇ ಇಲ್ಲಿ ಹೆಚ್ಚು ಸೂಕ್ಷ್ಮ. ಒಂದು ಬದಿ ಉಬ್ಬಿ ಇನ್ನೊಂದು ಬದಿ ಇಳಿದರೆ ಒಳಹಾಸಿನ ಕಾಂಕ್ರೀಟ್ ಸೀಳುತ್ತದೆ. ಸೀಳಿನಿಂದ ಸೋರಿದ ನೀರು ಅದೇ ಜಾಗವನ್ನು ಮತ್ತಷ್ಟು ನೆನೆಸುತ್ತದೆ. ಮೊದಲ ಬಾರಿ ನೀರು ಬಿಡುವಾಗ ಮಟ್ಟವನ್ನು ನಿಧಾನವಾಗಿ ಏರಿಸಿ, ಇಂತಹ ಸಂಧಿಗಳಲ್ಲಿ ದಂಡೆಯ ಮೇಲಿನ ಗುರುತುಕಲ್ಲುಗಳ ಎತ್ತರವನ್ನು ನೀರಿಗೆ ಮೊದಲೂ ಅನಂತರವೂ ಅಳೆದರೆ ಇಳಿತವು ಸೀಳಾಗುವ ಮುನ್ನವೇ ಗೊತ್ತಾಗುತ್ತದೆ.